ಒಂದೇ ಹೆಸರು, ಮೂರು ಪಠ್ಯ: ಲೂಯಿಸ್ ಎರ್ಡ್ರಿಕ್ ಅವರ ‘ಲವ್ ಮೆಡಿಸಿನ್’

ಅಮೆರಿಕದ ಕಾದಂಬರಿಕಾರ್ತಿ ಲೂಯಿಸ್ ಎರ್ಡ್ರಿಕ್ ಅವರ ‘ಲವ್ ಮೆಡಿಸಿನ್’ ಓದಿಕೊಂಡು ಚರ್ಚೆಗೆ ಕೂತರೆ ಒಬ್ಬರ ಪ್ರತಿಯಲ್ಲಿ 14 ಅಧ್ಯಾಯ, ಇನ್ನೊಬ್ಬರದರಲ್ಲಿ 18, ಮತ್ತೊಬ್ಬರದರಲ್ಲಿ 16 ಇರಬಹುದು. ಮೂರೂ ಅಸಲಿಯೇ. 1984ರ ಕಾದಂಬರಿಯನ್ನು ಲೇಖಕಿ 1993ರಲ್ಲಿ ಹಿಗ್ಗಿಸಿದರು, 2009ರಲ್ಲಿ ಮತ್ತೆ ಕತ್ತರಿಸಿದರು.

ಇದು ಸಾಧ್ಯವಾದದ್ದು ಕಾದಂಬರಿಯ ಕಟ್ಟಡದಿಂದ. ಅಮೆರಿಕದ ನಾರ್ತ್ ಡಕೋಟಾ ರಾಜ್ಯದ ಚಿಪ್ಪೆವಾ ಎಂಬ ಮೂಲನಿವಾಸಿ ಬುಡಕಟ್ಟಿನ ಕುಟುಂಬಗಳ 1934ರಿಂದ 1984ರವರೆಗಿನ ಬದುಕನ್ನು ಬೇರೆ ಬೇರೆ ದನಿಗಳು ಹೇಳುತ್ತಾ ಹೋಗುತ್ತವೆ. ಹೆಚ್ಚುಕಡಿಮೆ ಪ್ರತಿ ಅಧ್ಯಾಯವೂ ತನ್ನಷ್ಟಕ್ಕೆ ನಿಲ್ಲುವ ಕಥೆ. ನಡುವೆ ಒಂದನ್ನು ಸೇರಿಸಿದರೆ ಉಳಿದವು ಕುಸಿಯುವುದಿಲ್ಲ.

ಸೇರಿಸುವ ಒತ್ತಡ ಬಂದದ್ದು ಎರ್ಡ್ರಿಕ್ ಅವರ ಮುಂದಿನ ಪುಸ್ತಕಗಳಿಂದ. 1988ರ ‘ಟ್ರ್ಯಾಕ್ಸ್’ ಕಾದಂಬರಿ ಕಥೆಯನ್ನು ಹಿಂದಕ್ಕೆ, 1912–24ಕ್ಕೆ ಒಯ್ದಿತು: ಕ್ಷಯ, ಮರದ ಕಂಪನಿ, ತೆರಿಗೆ ಕಟ್ಟಲಾಗದೆ ಕೈತಪ್ಪುವ ಭೂಮಿ. ‘ಲವ್ ಮೆಡಿಸಿನ್’ನ ಮುಖ್ಯ ಪಾತ್ರಗಳಲ್ಲೊಬ್ಬಳಾದ ಲೂಲೂ ಅಲ್ಲಿ ಇನ್ನೂ ಮಗು, ಫ್ಲರ್ ಪಿಲ್ಲೇಜರಳ ಮಗಳು. ಹೀಗಾದ ಮೇಲೆ ಮೊದಲ ಕಾದಂಬರಿಯ ಲೂಲೂಗೆ ಒಂದು ಯೌವನ ಬೇಕಾಯಿತು. 1993ರ ‘ದಿ ಐಲೆಂಡ್’ ಅಧ್ಯಾಯದಲ್ಲಿ ಅವಳು ದ್ವೀಪದಲ್ಲಿ ಒಂಟಿಯಾಗಿರುವ ಮೋಸೆಸ್‌ನ ಬಳಿಗೆ ಹೋದದ್ದನ್ನು ತಾನೇ ಹೇಳುತ್ತಾಳೆ. ಸೇರ್ಪಡೆಗಳಲ್ಲಿ ಅತ್ಯಂತ ಅಗತ್ಯವಾದದ್ದು ಇದೇ. ‘ರೆಸರೆಕ್ಷನ್’ ಇನ್ನೊಂದು ಮುಖ್ಯ ಪಾತ್ರ ಮೇರಿಯ ಮುಪ್ಪಿನ ಕಾಲದ್ದು. ಉಳಿದೆರಡು, ‘ದಿ ಟೊಮಾಹಾಕ್ ಫ್ಯಾಕ್ಟರಿ’ ಮತ್ತು ‘ಲೈಮನ್ಸ್ ಲಕ್’, ಕಾರ್ಖಾನೆ ಕಳೆದುಕೊಂಡು ಜೂಜಿನ ವ್ಯವಹಾರದತ್ತ ಹೊರಳುವ ಲೂಲೂಳ ಮಗ ಲೈಮನ್‌ನವು. ಮೂಲನಿವಾಸಿ ಬುಡಕಟ್ಟುಗಳ ಜೂಜುಕೇಂದ್ರಗಳನ್ನು ನಿಯಂತ್ರಿಸುವ ಅಮೆರಿಕದ ಕೇಂದ್ರ ಕಾನೂನು 1988ರಲ್ಲಿ ಬಂದಿತ್ತು. ಇದೇ ಸರಣಿಯ ಕಾದಂಬರಿ ‘ದಿ ಬಿಂಗೊ ಪ್ಯಾಲೆಸ್’ 1994ರಲ್ಲಿ ಬಂತು. ಈ ಎರಡು ಅಧ್ಯಾಯಗಳು ಅದಕ್ಕೆ ಹಾಸಿದ ದಾರಿ.

ತೊಂದರೆಯೂ ಅಲ್ಲೇ ಆಯಿತು. ಅವೆರಡೂ ಕೊನೆಯ ಅಧ್ಯಾಯದ ಮುಂಚೆಯೇ ಕೂತು, ಮೇರಿ ಸಾಕಿದ ಯುವಕ ಲಿಪ್ಷಾ ತನ್ನ ತಂದೆಯನ್ನು ಕಾಣುವ ಘಟ್ಟವನ್ನು ತಡೆದು ನಿಲ್ಲಿಸುತ್ತಿದ್ದವು. 2009ರಲ್ಲಿ ಎರಡನ್ನೂ ಮುಖ್ಯ ಪಠ್ಯದಿಂದ ತೆಗೆದು, ‘ಟೊಮಾಹಾಕ್’ ಅನ್ನು ಪುಸ್ತಕದ ಹಿಂಭಾಗಕ್ಕೆ ಹಾಕಿದರು. ಕಾದಂಬರಿಯ ಓಟ ಮರಳಿತು.

ಕೈಯಲ್ಲಿರುವುದು ಯಾವ ಪಠ್ಯವೆಂದು ತಿಳಿಯಲು ಪರಿವಿಡಿ ಸಾಕು. ‘ದಿ ಐಲೆಂಡ್’ ಇಲ್ಲದಿದ್ದರೆ 1984ರದು. ಅದರ ಜೊತೆ ‘ಲೈಮನ್ಸ್ ಲಕ್’ ಕೂಡ ಇದ್ದರೆ 1993ರದು. ‘ಐಲೆಂಡ್’ ಇದ್ದು ‘ಲಕ್’ ಇಲ್ಲದಿದ್ದರೆ 2009ರದು. ಮುಖಪುಟ ನಂಬಿ ಆನ್‌ಲೈನಿನಲ್ಲಿ ಹಳೆಯ ಪ್ರತಿ ಕೊಂಡರೆ ಮೋಸಹೋಗಬಹುದು, ಮಾರುವವರಿಂದ ಪರಿವಿಡಿಯ ಚಿತ್ರ ತರಿಸಿಕೊಳ್ಳಿ. 1993ಕ್ಕಿಂತ ಹಿಂದಿನ ವಿಮರ್ಶೆಗಳ ಪುಟಸಂಖ್ಯೆಗಳು ಮೊದಲ ಪಠ್ಯದವು. ‘ವೈಲ್ಡ್ ಗೀಸ್’ ಅಧ್ಯಾಯದಲ್ಲಿ ನೆಕ್ಟರ್ (ಮುಂದೆ ಮೇರಿಯ ಗಂಡ) ಮತ್ತು ಮೇರಿ ಬೆಟ್ಟದಲ್ಲಿ ಎದುರಾಗುವ ದೃಶ್ಯದ ಮಾತುಗಳೂ ಬದಲಾಗಿವೆ. ಅದರ ಬಗ್ಗೆ ಬರೆಯುವವರು ಆವೃತ್ತಿಯ ವರ್ಷ ನಮೂದಿಸದಿದ್ದರೆ ವಾದವೇ ಅಡಿಮೇಲಾಗುತ್ತದೆ.

ಎರ್ಡ್ರಿಕ್ ಅವರ 1998ರ ಕಾದಂಬರಿ ‘ದಿ ಆಂಟಿಲೋಪ್ ವೈಫ್’ ಕೂಡ 2012ರಲ್ಲಿ ತಿದ್ದುಪಡಿಯಾಗಿ, 2016ರಲ್ಲಿ ‘ಆಂಟಿಲೋಪ್ ವುಮನ್’ ಎಂಬ ಹೆಸರಲ್ಲಿ ಬಂತು. ಬೇರೆ ಕಾದಂಬರಿಯೆಂದು ಎರಡನ್ನೂ ಕೊಳ್ಳಬೇಡಿ.

ಮೊದಲ ಓದಿಗೆ 2009ರ ಪಠ್ಯವೇ ಸರಿ. ‘ಬಿಂಗೊ ಪ್ಯಾಲೆಸ್’ವರೆಗೂ ಹೋಗುವವರು ಮಾತ್ರ ನಡುವೆ 1993ರ ಆವೃತ್ತಿ ಹುಡುಕಿ, ಲೈಮನ್‌ನ ಆ ಎರಡು ಅಧ್ಯಾಯಗಳನ್ನು ಓದಿಕೊಳ್ಳಬೇಕು.