ಮೊಟ್ಟೆಗೆ ಕೈ ಹಾಕುವ ಮುಂಚೆ ಹಕ್ಕಿ ಯಾವುದು ನೋಡಿ

ಅಮೆರಿಕದಲ್ಲಿ ಹಿತ್ತಲಿನ ಗೂಡುಪೆಟ್ಟಿಗೆ ನೋಡಿಕೊಳ್ಳುವವರು ನನಗೆ ಫೋಟೋ ಕಳಿಸಿ ಜಾಸ್ತಿ ಕೇಳುವುದು ಇದನ್ನೇ: ಇದು ಗುಬ್ಬಚ್ಚಿ ಹೌದೋ ಅಲ್ಲವೋ? ಗುಬ್ಬಚ್ಚಿ ಆ ನೆಲದ ಹಕ್ಕಿಯಲ್ಲ. 1850ರ ದಶಕದ ಶುರುವಿನಲ್ಲಿ ಬ್ರೂಕ್ಲಿನ್‌ನಲ್ಲಿ ತಂದು ಬಿಟ್ಟಿದ್ದು. ಪೆಟ್ಟಿಗೆಗಾಗಿ ಅದು, ಅಲ್ಲೇ ಗೂಡು ಕಟ್ಟುವ ಸ್ಥಳೀಯ ಹಕ್ಕಿ ಬ್ಲೂಬರ್ಡ್‌ನ ಮೊಟ್ಟೆ ಒಡೆಯುತ್ತದೆ, ಕೆಲವೊಮ್ಮೆ ಕಾವು ಕೂತ ಹಕ್ಕಿಯನ್ನೇ ಕುಕ್ಕಿ ಕೊಲ್ಲುತ್ತದೆ. ಗುಬ್ಬಚ್ಚಿಯ ಗೂಡು ತೆಗೆಯಲು ಅಲ್ಲಿನ ಕೇಂದ್ರ ಕಾನೂನಿನ ಅಡ್ಡಿಯಿಲ್ಲ. ಆದರೆ ಸ್ಥಳೀಯ ಹಾಡುಹಕ್ಕಿಗಳಿಗೆ 1918ರ ವಲಸೆ ಹಕ್ಕಿ ಒಪ್ಪಂದ ಕಾಯ್ದೆಯ ರಕ್ಷಣೆಯಿದೆ. ಗುರುತು ತಪ್ಪಿದರೆ ಯಾವ ಹಕ್ಕಿಯನ್ನು ಉಳಿಸಲು ಪೆಟ್ಟಿಗೆ ಇಟ್ಟೆವೋ ಅದರ ಸಂಸಾರವನ್ನೇ ಹಾಳು ಮಾಡುತ್ತೇವೆ.

ಗಂಡು ಗುಬ್ಬಚ್ಚಿ ಕಷ್ಟವಲ್ಲ. ಬೂದು ನೆತ್ತಿ, ಬಿಳಿ ಕೆನ್ನೆ, ಗಂಟಲಲ್ಲಿ ಕಪ್ಪು. ಚಳಿಗಾಲದಲ್ಲಿ ಹೊಸ ಗರಿಗಳ ಮಾಸಲು ಅಂಚು ಆ ಕಪ್ಪನ್ನು ಮರೆಮಾಡುತ್ತದೆ. ವಸಂತದ ಹೊತ್ತಿಗೆ ಅಂಚು ಸವೆದು ಕಪ್ಪು ಎದ್ದು ಕಾಣುತ್ತದೆ.

ಜನ ಎಡವುವುದು ಹೆಣ್ಣಿನ ವಿಷಯದಲ್ಲಿ. ಬೆನ್ನು ನೋಡಬೇಡಿ, ಕಂದು ಗೆರೆಗಳ ಬೆನ್ನು ಎಷ್ಟೋ ಹಕ್ಕಿಗಳಿಗಿದೆ. ಎದೆ ನೋಡಿ. ಹೆಣ್ಣು ಗುಬ್ಬಚ್ಚಿಯ ಎದೆ ಮಾಸಲು ಬೂದು, ಅದರಲ್ಲಿ ಗೆರೆ ಇರುವುದಿಲ್ಲ. ಮರಿಗಳದ್ದೂ ಹಾಗೇ. ಹೆಸರಲ್ಲಿ ಸ್ಪ್ಯಾರೋ ಇದ್ದರೂ ಗುಬ್ಬಚ್ಚಿಯಲ್ಲದ ಸ್ಥಳೀಯ ಹಕ್ಕಿ ಸಾಂಗ್ ಸ್ಪ್ಯಾರೋ ಎದೆಯಲ್ಲಿ ದಪ್ಪ ಗೆರೆಗಳು, ಸಾಮಾನ್ಯವಾಗಿ ನಡುವೆ ಒಂದು ಮಚ್ಚೆ. ಹೆಣ್ಣು ಹೌಸ್ ಫಿಂಚ್‌ಗೂ ಎದೆಯಲ್ಲಿ ಗೆರೆಗಳಿವೆ, ಸ್ವಲ್ಪ ಕಲಸಿದಂತೆ. ಎದೆ ನುಣುಪಾಗಿದ್ದರೆ ಮುಖಕ್ಕೆ ಹೋಗಿ. ಗುಬ್ಬಚ್ಚಿಗೆ ಕಣ್ಣಿನ ಹಿಂದೆ ಅಗಲವಾದ ಮಾಸಲು ಪಟ್ಟಿ ಇರುತ್ತದೆ. ಚಿಪ್ಪಿಂಗ್ ಸ್ಪ್ಯಾರೋ ಎದೆಯೂ ನುಣುಪೇ, ಆದರೆ ಅದು ಚಿಕ್ಕದು, ತೆಳ್ಳಗಿನದು, ಕಣ್ಣಿನ ಮೂಲಕ ಕಪ್ಪು ಗೆರೆ ಹಾದುಹೋಗುತ್ತದೆ. ಹುಲ್ಲುಗಾವಲಿನ ಹೆಣ್ಣು ಡಿಕ್‌ಸಿಸೆಲ್ ಮಾತ್ರ ಅನುಭವಸ್ಥರನ್ನೂ ತಡವರಿಸುವಂತೆ ಮಾಡುತ್ತದೆ. ಅದರ ಹುಬ್ಬಿನಲ್ಲಿ, ಎದೆಯಲ್ಲಿ ತಿಳಿ ಹಳದಿ ಹುಡುಕಿ. ಗುಬ್ಬಚ್ಚಿಗೆ ಆ ಹಳದಿ ಇಲ್ಲ.

ಹಕ್ಕಿ ಎಲ್ಲಿ ಕೂತಿದೆ ಅನ್ನುವುದೂ ಸಾಕ್ಷಿಯೇ. ಸಾಂಗ್ ಸ್ಪ್ಯಾರೋ, ಚಿಪ್ಪಿಂಗ್ ಸ್ಪ್ಯಾರೋ ಎರಡೂ ಪೊದೆಯಲ್ಲೋ ಮರದಲ್ಲೋ ತೆರೆದ ಗೂಡು ಕಟ್ಟುತ್ತವೆ, ಪೆಟ್ಟಿಗೆಯೊಳಗೆ ಅಲ್ಲ.

ಪೆಟ್ಟಿಗೆಯೊಳಗೆ ನಿಜವಾದ ಗೊಂದಲ ಮೊಟ್ಟೆಯದು. ಗುಬ್ಬಚ್ಚಿಯ ಮೊಟ್ಟೆ ಬಿಳಿಚು, ಮೇಲೆ ಕಂದು-ಬೂದು ಚುಕ್ಕೆಗಳು. ಪೆಟ್ಟಿಗೆಯಲ್ಲೇ ಗೂಡು ಕಟ್ಟುವ ಪುಟ್ಟ ಸ್ಥಳೀಯ ಹಕ್ಕಿ ಚಿಕಡೀಯ ಮೊಟ್ಟೆಯೂ ಬಿಳಿ, ಚುಕ್ಕೆಯದೇ! ಅಳತೆ ನೋಡಿ: ಗುಬ್ಬಚ್ಚಿಯದು ಸುಮಾರು 2 ಸೆಂ.ಮೀ.ಗಿಂತ ಸ್ವಲ್ಪ ಉದ್ದ, ಚಿಕಡೀಯದು ಒಂದೂವರೆಯ ಆಸುಪಾಸು. ಚಿಕಡೀ ಗೂಡಿನ ತಳದಲ್ಲಿ ಹಸಿರು ಪಾಚಿ, ಮೇಲೆ ಮೆತ್ತನೆ ರೋಮ. ಗುಬ್ಬಚ್ಚಿ ಒಣಹುಲ್ಲು, ಪುಕ್ಕ, ಕಾಗದದ ಚೂರು ಎಲ್ಲವನ್ನೂ ಪೆಟ್ಟಿಗೆ ತುಂಬ ತುರುಕುತ್ತದೆ.

ಇಷ್ಟಾದರೂ ಅನುಮಾನ ಉಳಿದರೆ ಏನನ್ನೂ ತೆಗೆಯಬೇಡಿ. ದೂರ ಸರಿದು, ಬೈನಾಕ್ಯುಲರ್ ಹಿಡಿದು, ಒಳಗೆ ಹೋಗುವ ಹಕ್ಕಿಯನ್ನು ಕಣ್ಣಾರೆ ನೋಡಿ. ಗುಬ್ಬಚ್ಚಿ ಕಾವು ಕೊಡುವುದು ಸುಮಾರು 10ರಿಂದ 14 ದಿನ, ಒಂದು ದಿನ ಕಾದರೆ ಏನೂ ಕೈ ಮೀರುವುದಿಲ್ಲ.