ಸೂಜಿ ಚುಚ್ಚಿದರೆ ತೊಟ್ಟಿಲು ತೂಗೀತೆ?

ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುವ ಮೊದಲು 25 ನಿಮಿಷ, ಸೇರಿಸಿದ ಮೇಲೆ ಇನ್ನೊಂದು 25 ನಿಮಿಷ. ಜರ್ಮನಿಯ ವೈದ್ಯ ವುಲ್ಫ್‌ಗಾಂಗ್ ಪೌಲಸ್ ಮತ್ತು ಸಂಗಡಿಗರು ಐವಿಎಫ್, ಅಂದರೆ ಅಂಡಾಣು ವೀರ್ಯಾಣುಗಳನ್ನು ಮೈಯ ಹೊರಗೆ ಕೂಡಿಸುವ ಪ್ರನಾಳ ಶಿಶು ಚಿಕಿತ್ಸೆ, ಮಾಡಿಸಿಕೊಳ್ಳುತ್ತಿದ್ದ 80 ಹೆಂಗಸರನ್ನು ಹೀಗೆ ಮಲಗಿಸಿ ನೆತ್ತಿ, ಕಿವಿ, ಮಣಿಕಟ್ಟು, ಕಾಲುಗಳಿಗೆಲ್ಲ ತೆಳ್ಳನೆಯ ಸೂಜಿ ಚುಚ್ಚಿದರು. ಚೀನಾದ ಆಕ್ಯುಪಂಕ್ಚರ್ ಚಿಕಿತ್ಸೆ ಇದು. ಇನ್ನೊಂದು ಗುಂಪಿನ 80 ಮಂದಿಗೆ ಸೂಜಿ ಇಲ್ಲ, ಬರೀ ಐವಿಎಫ್. ಸೂಜಿ ಚುಚ್ಚಿಸಿಕೊಂಡವರಲ್ಲಿ 34 ಮಂದಿ ಬಸಿರಾದರು, ಉಳಿದವರಲ್ಲಿ 21 ಮಂದಿ. ಅಂದರೆ ಶೇಕಡಾ 42.5 ಮತ್ತು 26.3. ಈ ವರದಿ 2002ರ ಏಪ್ರಿಲ್‌ನಲ್ಲಿ 'ಫರ್ಟಿಲಿಟಿ ಅಂಡ್ ಸ್ಟೆರಿಲಿಟಿ' ಎಂಬ ಗಣ್ಯ ಪತ್ರಿಕೆಯಲ್ಲಿ ಬಂತು. ಆಮೇಲೆ ಪಾಶ್ಚಾತ್ಯ ದೇಶಗಳ ಐವಿಎಫ್ ಕೇಂದ್ರಗಳಲ್ಲಿ ಆಕ್ಯುಪಂಕ್ಚರ್‌ಗೆ ಬೇಡಿಕೆಯೋ ಬೇಡಿಕೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಗಾದೆ ಇಲ್ಲಿಗೆ ಒಪ್ಪುವಷ್ಟು ಇನ್ನೆಲ್ಲೂ ಒಪ್ಪಲಾರದು. ಏಕೆಂದರೆ ಪೌಲಸ್ ಎಣಿಸಿದ್ದು ಹುಟ್ಟಿದ ಮಕ್ಕಳನ್ನಲ್ಲ, ಆರು ವಾರಗಳ ನಂತರ ಸ್ಕ್ಯಾನಿಂಗ್‌ನಲ್ಲಿ ಕಂಡ ಗರ್ಭಚೀಲಗಳನ್ನು.

ಅದಕ್ಕಿಂತ ದೊಡ್ಡ ತೊಡಕು ಬೇರೆ ಇತ್ತು. ತಮಗೆ ಸೂಜಿ ಬಿದ್ದಿದೆಯೋ ಇಲ್ಲವೋ ಎಂಬುದು ಆ 160 ಮಂದಿಗೂ ಗೊತ್ತಿತ್ತು. ಬಂದ ಫಲ ಸೂಜಿಯದೋ, ಯಾರೋ ಒಬ್ಬರು ಪಕ್ಕದಲ್ಲಿದ್ದು ಕಾಳಜಿಯಿಂದ ನೋಡಿಕೊಂಡದ್ದರದೋ, ಬರೀ ಆಕಸ್ಮಿಕವೋ ಎಂದು ಆ ಪ್ರಯೋಗ ಬಿಡಿಸಿ ಹೇಳುವಂತಿರಲಿಲ್ಲ. ಮುಂದಿನ ಹದಿನಾರು ವರ್ಷಗಳ ಕಥೆಯೆಲ್ಲ ಈ ಗಂಟನ್ನು ಬಿಚ್ಚಿದ ಕಥೆ. ಅದಕ್ಕೆ ಮೊದಲು, ಕಾಲಿಗೆ ಚುಚ್ಚಿದ ಸೂಜಿಗೂ ಗರ್ಭಕೋಶಕ್ಕೂ ನಂಟು ಹಾಕಿದ್ದು ಯಾರು ಎಂಬುದನ್ನು ನೋಡಿಬಿಡೋಣ.

ಚೀನಾದ ವೈದ್ಯಕ್ಕೆ ತಳಹದಿಯಾದ 'ಹುವಾಂಗ್‌ಡಿ ನೇಯ್‌ಜಿಂಗ್' ಸುಮಾರು ಎರಡು ಸಾವಿರ ವರ್ಷ ಹಳೆಯದು. ಅದರ ಮೊದಲ ಅಧ್ಯಾಯವೇ ಹೆಣ್ಣಿನ ಬದುಕನ್ನು ಏಳೇಳು ವರ್ಷಗಳಾಗಿ ಭಾಗಮಾಡುತ್ತದೆ. ಹದಿನಾಲ್ಕಕ್ಕೆ ಋತುಸ್ರಾವ ಶುರುವಾಗಿ ಮಕ್ಕಳನ್ನು ಹೆರುವ ಶಕ್ತಿ ಬರುತ್ತದೆ, ಮೂವತ್ತೈದಕ್ಕೆ ಇಳಿಮುಖ, ನಲವತ್ತೊಂಬತ್ತಕ್ಕೆ ಮುಟ್ಟು ನಿಂತು ಫಲಶಕ್ತಿ ಮುಗಿಯುತ್ತದೆ. ಗಂಡಸಿಗಾದರೆ ಎಂಟೆಂಟರ ಲೆಕ್ಕ. ಈ ಎರಡು ಲೆಕ್ಕವನ್ನೂ ಆಳುವುದು ಮೂತ್ರಪಿಂಡ. ರಕ್ತ ಸೋಸುವ ನಮ್ಮ ಕಿಡ್ನಿಯಲ್ಲ ಅದು, ಹುಟ್ಟು, ಬೆಳವಣಿಗೆ, ಸಂತಾನಗಳ ಸತ್ವವನ್ನೆಲ್ಲ ಕೂಡಿಟ್ಟುಕೊಂಡ ಕೋಶ. ಅಲ್ಲಿಂದ ಹೊರಡುವ ಪ್ರಾಣಶಕ್ತಿ, ಅಂದರೆ 'ಚಿ', ನಾಳಗಳಲ್ಲಿ ಮೈಯೆಲ್ಲ ಹರಿಯುತ್ತದೆ. ನಾಳ ಕಟ್ಟಿದರೆ, ಗರ್ಭಕೋಶಕ್ಕೆ ಶೀತ ಹಿಡಿದರೆ ಬಸಿರು ನಿಲ್ಲುವುದಿಲ್ಲ. ಕಾಲಿನ ಮೇಲೆ ಹಾದುಹೋಗುವ ನಾಳದ ಒಂದು ಬಿಂದುವಿಗೆ ಸೂಜಿ ಚುಚ್ಚಿ ಆ ತಡೆ ತೆಗೆಯಬಹುದು ಎಂಬುದು ಇದರ ತರ್ಕ. ನಾಳಗಳು ಹೆಣ ಕೊಯ್ದು ನೋಡಿದವರಿಗೆ ಸಿಕ್ಕಿಲ್ಲ, ಸಿಗುವುದೂ ಇಲ್ಲ. ಆದರೆ ಮೂವತ್ತೈದರ ಇಳಿಮುಖವನ್ನು ಅವರು ಗುರುತಿಸಿದ್ದು ಕಣ್ಣಾರೆ ಕಂಡ ಅನುಭವದಿಂದಲೇ ಇರಬೇಕು.

ಸ್ವಾರಸ್ಯವೆಂದರೆ ಈ ನಂಟು ನಾವಂದುಕೊಂಡಷ್ಟು ಪುರಾತನವಲ್ಲ. ಚೀನಾದ ಮಾವಾಂಗ್‌ಡುಯಿ ಎಂಬಲ್ಲಿ ಕ್ರಿ.ಪೂ. 168ರಲ್ಲಿ ಮುಚ್ಚಿದ ಗೋರಿಯೊಂದನ್ನು 1973ರಲ್ಲಿ ಅಗೆದಾಗ ರೇಷ್ಮೆಯ ಮೇಲೆ ಬರೆದ ವೈದ್ಯಗ್ರಂಥಗಳು ಸಿಕ್ಕವು. ಗರ್ಭ ತಿಂಗಳು ತಿಂಗಳಿಗೆ ಹೇಗೆ ಬೆಳೆಯುತ್ತದೆ ಎಂಬ ಪುಸ್ತಕ ಅದರಲ್ಲಿತ್ತು. ಹನ್ನೊಂದು ನಾಳಗಳ ವರ್ಣನೆಯೂ ಇತ್ತು. ಆ ನಾಳಗಳ ಚಿಕಿತ್ಸೆಗೆ ಹೇಳಿದ್ದು ಗಿಡಮೂಲಿಕೆ ಸುಟ್ಟು ಶಾಖ ಕೊಡುವುದನ್ನು ಮಾತ್ರ, ಸೂಜಿಯ ಮಾತೇ ಇಲ್ಲ. ಏಳನೆಯ ಶತಮಾನದ ಮಹಾವೈದ್ಯ ಸುನ್ ಸಿಮಿಯಾವೊ ತನ್ನ ಗ್ರಂಥದ ಮೊದಲ ಸಂಪುಟಗಳನ್ನೇ ಹೆಂಗಸರ ಕಾಯಿಲೆಗೆ ಮೀಸಲಿಟ್ಟು, ಸಂತಾನ ಬೇಡುವ ವಿಷಯದಿಂದಲೇ ಆರಂಭಿಸಿದ. ಗಂಡಸರಿಗಿಂತ ಹೆಂಗಸರ ರೋಗ ವಾಸಿಮಾಡುವುದು ಹತ್ತು ಪಟ್ಟು ಕಷ್ಟ ಎಂದದ್ದೂ ಅವನೇ. ಬಸಿರು ನಿಲ್ಲದವರಿಗೆ ಚೀನೀ ಪಂಡಿತರು ಕೊಡುತ್ತ ಬಂದದ್ದು ಹೆಚ್ಚಾಗಿ ಕಷಾಯವನ್ನು. ಐವಿಎಫ್ ದಿನದಂದು ಸೂಜಿ ಚುಚ್ಚುವುದು ಸಂಪ್ರದಾಯವಲ್ಲ, ನಮ್ಮ ಕಾಲದ ಪದ್ಧತಿ. ಪೌಲಸ್ ಗುಂಪು ಭ್ರೂಣ ಸೇರಿಸಿದ ಮೇಲೆ ಆರಿಸಿಕೊಂಡ ಬಿಂದುಗಳಲ್ಲಿ ಎರಡನ್ನು ನೋಡಿ: ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ 'ಹೆಗು', ಕಾಲಿನ ಒಳಗಂಟಿನಿಂದ ನಾಲ್ಕು ಬೆರಳು ಮೇಲಿರುವ 'ಸನ್‌ಯಿನ್‌ಜಿಯಾವೊ'. ಗರ್ಭ ಇಳಿದೀತೆಂದು ಬಸುರಿಯರಿಗೆ ಚುಚ್ಚಲೇಬಾರದು ಎಂದು ಚೀನೀ ಸಂಪ್ರದಾಯ ಶತಮಾನಗಳಿಂದ ನಿಷೇಧಿಸಿದ ಬಿಂದುಗಳು ಇವೇ! ಹಾಗಿದ್ದರೂ ಅಲ್ಲಿ 34 ಮಂದಿ ಬಸಿರಾದರು. ಸಂಪ್ರದಾಯ ಸರಿಯಿದ್ದರೆ ಪ್ರಯೋಗ ವಿಚಿತ್ರ, ಪ್ರಯೋಗ ಸರಿಯಿದ್ದರೆ ಸಂಪ್ರದಾಯ ವಿಚಿತ್ರ.

ನಾಳ, 'ಚಿ'ಗಳನ್ನು ಬಿಟ್ಟು ಆಧುನಿಕ ಶರೀರಶಾಸ್ತ್ರದ ದಾರಿಯಲ್ಲೂ ಹುಡುಕಿದವರಿದ್ದಾರೆ. ಸ್ವೀಡನ್ನಿನ ಎಲಿಸಬೆತ್ ಸ್ಟೆನರ್-ವಿಕ್ಟೊರಿನ್ 1996ರಲ್ಲಿ ಹತ್ತು ಮಂದಿ ಮಕ್ಕಳಾಗದ ಹೆಂಗಸರಿಗೆ ಸೂಜಿಯ ಮೂಲಕ ಸಣ್ಣಗೆ ವಿದ್ಯುತ್ ಹರಿಸಿ, ಗರ್ಭಕೋಶದ ಧಮನಿಗಳಲ್ಲಿ ರಕ್ತದ ಹರಿವಿಗಿದ್ದ ತಡೆ ತಗ್ಗಿದ್ದನ್ನು ತೋರಿಸಿದರು. ಸೂಜಿ ನರಗಳನ್ನು ಕೆಣಕುತ್ತದೆ, ಮಿದುಳಿನಲ್ಲಿ ಎಂಡಾರ್ಫಿನ್ ಎಂಬ ನೋವುನಿವಾರಕ ರಸ ಒಸರುತ್ತದೆ, ಅದು ಅಂಡಾಶಯವನ್ನು ನಡೆಸುವ ಹಾರ್ಮೋನುಗಳ ತಾಳವನ್ನು ಸ್ವಲ್ಪ ಬದಲಿಸಬಹುದು. ಇದರಲ್ಲಿ ಅಸಂಬದ್ಧವಾದದ್ದೇನೂ ಇಲ್ಲ. ಆದರೆ ರಕ್ತದ ಹರಿವು ಹೆಚ್ಚಿತು ಎನ್ನುವುದಕ್ಕೂ ಮಗು ಹುಟ್ಟಿತು ಎನ್ನುವುದಕ್ಕೂ ನಡುವೆ ಎಷ್ಟೋ ಮೆಟ್ಟಿಲುಗಳಿವೆ, ಒಂದೊಂದರಲ್ಲೂ ಕಾಲು ಜಾರಬಹುದು.

ಹಾಗಾದರೆ ಸೂಜಿಯನ್ನು ಪರೀಕ್ಷಿಸುವುದು ಹೇಗೆ? ಮಾತ್ರೆಯಾದರೆ ಸಕ್ಕರೆ ಗುಳಿಗೆ ಕೊಟ್ಟು ಹೋಲಿಸಬಹುದು, ಸೂಜಿಗೆ ಸುಳ್ಳು ಸೂಜಿ ಎಲ್ಲಿಂದ ತರುವುದು? 1998ರಲ್ಲಿ ಜರ್ಮನಿಯ ಕೊನ್ರಾಡ್ ಸ್ಟ್ರೈಟ್‌ಬರ್ಗರ್ ಒಂದು ಉಪಾಯ ಹೂಡಿದರು. ಮೊಂಡು ತುದಿಯ ಸೂಜಿ. ಚರ್ಮಕ್ಕೆ ತಾಗಿಸಿ ಒತ್ತಿದರೆ ಚುಚ್ಚಿದಂತೆ ಚುರುಕ್ಕೆನ್ನುತ್ತದೆ, ಆದರೆ ಒಳಗೆ ಹೋಗದೆ ತನ್ನ ಹಿಡಿಯೊಳಗೇ ಸರಿದುಕೊಳ್ಳುತ್ತದೆ. ನಾಟಕದ ಕಂಪನಿಯವರು ರಂಗದ ಮೇಲೆ ಎದೆಗೆ ಇರಿಯುವ ಚೂರಿ ಇದ್ದಂತೆ.

ಪೌಲಸ್ ಅವರೇ ಸುಳ್ಳು ಸೂಜಿ ಹಿಡಿದು 200 ಮಂದಿಯ ಮೇಲೆ ಮತ್ತೆ ಪ್ರಯೋಗ ಮಾಡಿದರು. ಈ ಬಾರಿ ಎರಡು ಗುಂಪುಗಳ ನಡುವೆ ಲೆಕ್ಕಕ್ಕೆ ಹಿಡಿಯುವಂಥ ವ್ಯತ್ಯಾಸ ಕಾಣಲಿಲ್ಲ. 2003ರಲ್ಲಿ ಅದು ಸಮ್ಮೇಳನವೊಂದರ ಚಿಕ್ಕ ಸಾರಾಂಶವಾಗಿ ಅಚ್ಚಾಗಿ ಮೂಲೆ ಸೇರಿತು. ಮೊದಲನೆಯದರ ಸದ್ದಿನ ಕಾಲುಭಾಗವೂ ಇದಕ್ಕೆ ಸಿಗಲಿಲ್ಲ. ಗೆದ್ದ ಸುದ್ದಿ ಊರು ಸುತ್ತುತ್ತದೆ, ಸೋತ ಸುದ್ದಿ ಕಡತ ಸೇರುತ್ತದೆ, ವಿಜ್ಞಾನದಲ್ಲೂ ಹಾಗೆಯೇ.

2009ರಲ್ಲಿ ಹಾಂಗ್‌ಕಾಂಗ್‌ನಿಂದ ಬಂದ ಫಲಿತಾಂಶವಂತೂ ಎಲ್ಲರನ್ನೂ ತಬ್ಬಿಬ್ಬು ಮಾಡಿತು. 370 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ನಿಜವಾದ ಸೂಜಿ, ಅರ್ಧಕ್ಕೆ ಸ್ಟ್ರೈಟ್‌ಬರ್ಗರ್ ಸೂಜಿ. ನಿಜವಾದ ಸೂಜಿಯವರಲ್ಲಿ ಶೇಕಡಾ 43.8 ಮಂದಿಗೆ ಬಸಿರು ನಿಂತಿದ್ದರೆ, ಸುಳ್ಳು ಸೂಜಿಯವರಲ್ಲಿ ಶೇಕಡಾ 55.1! ಹುಟ್ಟಿದ ಮಕ್ಕಳ ಲೆಕ್ಕಕ್ಕೆ ಬಂದಾಗ ಈ ಅಂತರ ನಿಲ್ಲಲಿಲ್ಲ ಎಂಬುದು ಬೇರೆ ಮಾತು. ಆಕ್ಯುಪಂಕ್ಚರ್ ಪರ ಇರುವವರು ಆಗ, ಮೊಂಡು ಸೂಜಿಯ ಒತ್ತಡವೂ ಒಂದು ಚಿಕಿತ್ಸೆಯೇ ತಾನೇ ಎಂದು ವಾದಿಸಿದರು. ವಾದದಲ್ಲಿ ಸ್ವಲ್ಪ ಹುರುಳಿದೆ. ಆದರೆ ಆ ದಾರಿಯಲ್ಲಿ ಮುಂದೆ ಹೋದರೆ, ಚುಚ್ಚುವುದೇ ಬೇಡ, ಒತ್ತಿದರೆ ಸಾಕು ಎಂದಾಗುತ್ತದೆ. ಹಾಗಾದರೆ ಸೂಜಿಯ ಆಳ ಇಷ್ಟೇ ಇರಬೇಕೆಂಬ ಶಾಸ್ತ್ರದ ಗತಿ ಏನು?

ಚುಚ್ಚುವ ಬಿಂದು ಮುಖ್ಯವೇ ಎಂಬ ಪ್ರಶ್ನೆಯನ್ನೂ ಸೇರಿಸಿಕೊಂಡು ಉತ್ತರ ಕೊಟ್ಟದ್ದು 2018ರ ಆಸ್ಟ್ರೇಲಿಯಾ-ನ್ಯೂಜಿಲೆಂಡ್ ಪ್ರಯೋಗ. ಅದನ್ನು ನಡೆಸಿದ ಕ್ಯಾರೊಲಿನ್ ಸ್ಮಿತ್ ಇಂಥ ಪೂರಕ ಚಿಕಿತ್ಸೆಗಳ ಸಂಶೋಧನೆಯಲ್ಲೇ ಪಳಗಿದವರು. 16 ಐವಿಎಫ್ ಕೇಂದ್ರಗಳ 848 ಮಂದಿಯಲ್ಲಿ ಒಂದು ಗುಂಪಿಗೆ ಶಾಸ್ತ್ರೋಕ್ತ ಬಿಂದುಗಳಲ್ಲಿ ನಿಜವಾದ ಸೂಜಿ, ಇನ್ನೊಂದಕ್ಕೆ ಆ ಬಿಂದುಗಳಿಂದ ದೂರದಲ್ಲಿ ಚುಚ್ಚದ ಸೂಜಿ. ಎಣಿಸಿದ್ದು ಜೀವಂತ ಹುಟ್ಟಿದ ಮಕ್ಕಳನ್ನು. ಶೇಕಡಾ 18.3 ಒಂದು ಕಡೆ, 17.8 ಇನ್ನೊಂದು ಕಡೆ. ಇಷ್ಟು ದೊಡ್ಡ ಪ್ರಯೋಗದಲ್ಲಿ ಅರ್ಧ ಅಂಶದ ವ್ಯತ್ಯಾಸ ಎಂದರೆ ವ್ಯತ್ಯಾಸವೇ ಇಲ್ಲ ಎಂದು ಅರ್ಥ.

ಇದೆಲ್ಲ ಐವಿಎಫ್ ಮಾತಾಯಿತು. ಅಂಡಾಣು ಸರಿಯಾಗಿ ಬಿಡುಗಡೆಯಾಗದ ಪಿಸಿಓಎಸ್ ತೊಂದರೆಯವರಿಗೆ? ನನಗೆ ಇಡೀ ಕಥೆಯಲ್ಲಿ ಅತ್ಯಂತ ಗೌರವ ಹುಟ್ಟಿಸಿದ್ದು ಈ ಅಧ್ಯಾಯ. 1998ರಲ್ಲಿ ಸಂಶೋಧಕ ಆಂಡ್ರ್ಯೂ ವಿಕರ್ಸ್ ಮತ್ತಿತರರು ದೇಶವಾರು ಲೆಕ್ಕ ಹಾಕಿದಾಗ, ಅವರ ಪಟ್ಟಿಯಲ್ಲಿ ಚೀನಾದಿಂದ ಬಂದ ಆಕ್ಯುಪಂಕ್ಚರ್ ಪ್ರಯೋಗಗಳಲ್ಲಿ ಒಂದೇ ಒಂದೂ ಸೋತಿರಲಿಲ್ಲ. ಎಲ್ಲ ಪರೀಕ್ಷೆಯಲ್ಲೂ ನೂರಕ್ಕೆ ನೂರು ತೆಗೆಯುವ ಹುಡುಗನ ಮೇಲೆ ಮೇಷ್ಟರಿಗೆ ಅನುಮಾನ ಬರುವುದು ಸಹಜ. ಅಂಥ ಹಿನ್ನೆಲೆಯಲ್ಲಿ, ಹಾರ್ಬಿನ್ ನಗರದ ಹೈಲಾಂಗ್‌ಜಿಯಾಂಗ್ ಚೀನೀ ವೈದ್ಯ ವಿಶ್ವವಿದ್ಯಾಲಯದ ವು ಶಿಯಾವೊಕೆ 1000 ಮಂದಿ ಪಿಸಿಓಎಸ್ ಹೆಂಗಸರನ್ನು ಚೀನಾದ 21 ಕೇಂದ್ರಗಳಲ್ಲಿ ಸೇರಿಸಿಕೊಂಡರು. ಸ್ಟೆನರ್-ವಿಕ್ಟೊರಿನ್ ಕೂಡ ತಂಡದಲ್ಲಿದ್ದರು. ನಾಲ್ಕು ಗುಂಪು: ಅಂಡಾಣು ಬಿಡಿಸುವ ಕ್ಲೊಮಿಫೀನ್ ಮಾತ್ರೆಯ ಜೊತೆ ನಿಜವಾದ ಸೂಜಿ, ಮಾತ್ರೆಯ ಜೊತೆ ತೋರಿಕೆಯ ಸೂಜಿ, ಸುಳ್ಳು ಮಾತ್ರೆಯ ಜೊತೆ ನಿಜವಾದ ಸೂಜಿ, ಎರಡೂ ಸುಳ್ಳು. ವಾರಕ್ಕೆರಡು ಸಲ ಅರ್ಧ ಗಂಟೆಯಂತೆ ನಾಲ್ಕು ಋತುಚಕ್ರದವರೆಗೆ. 2017ರಲ್ಲಿ ಅಮೆರಿಕದ 'ಜಾಮಾ' ವೈದ್ಯಪತ್ರಿಕೆಯಲ್ಲಿ ಫಲಿತಾಂಶ ಬಂತು. ಮಾತ್ರೆ ನುಂಗಿದವರಲ್ಲಿ ಮಗು ಹಡೆದವರು ನಿಜವಾದ ಸೂಜಿಯ ಗುಂಪಿನಲ್ಲಿ ಶೇಕಡಾ 29.4, ತೋರಿಕೆಯ ಸೂಜಿಯಲ್ಲಿ 28. ಮಾತ್ರೆ ಇಲ್ಲದವರಲ್ಲಿ ನಿಜವಾದ ಸೂಜಿಗೆ 13.9, ಎರಡೂ ಸುಳ್ಳಾದವರಿಗೆ 16.8. ಕೆಲಸ ಮಾಡಿದ್ದು ಮಾತ್ರೆ. ಸೂಜಿಯವರಿಗೆ ಹೆಚ್ಚಾಗಿ ದಕ್ಕಿದ್ದು ಚರ್ಮದ ಮೇಲಿನ ಕಲೆ ಮತ್ತು ಭೇದಿ. ಸಾಂಪ್ರದಾಯಿಕ ವೈದ್ಯದ ವಿಶ್ವವಿದ್ಯಾಲಯವೇ ತನ್ನ ಮನೆಯ ಚಿಕಿತ್ಸೆ ಫಲಿಸಲಿಲ್ಲ ಎಂದು ಜಗತ್ತಿನೆದುರು ಅಚ್ಚುಹಾಕಿತು.

ಅದೇ ತಂಡ ಗಿಡಮೂಲಿಕೆಯನ್ನೂ ಬಿಡಲಿಲ್ಲ. ಹುವಾಂಗ್‌ಲಿಯಾನ್ ಎಂಬ ಹಳದಿ ಬೇರಿನ ಸತ್ವವಾದ ಬರ್ಬೆರಿನ್ ಅನ್ನು 644 ಪಿಸಿಓಎಸ್ ಹೆಂಗಸರಲ್ಲಿ, ಅಂಡಾಣು ಬಿಡಿಸುವ ಇನ್ನೊಂದು ಮಾತ್ರೆಯಾದ ಲೆಟ್ರೊಜೋಲ್ ಎದುರು ನಿಲ್ಲಿಸಿದರು. ನಮ್ಮ ಪಶ್ಚಿಮ ಘಟ್ಟದ ಮರದರಿಶಿನದಲ್ಲಿರುವ ಹಳದಿಯೂ ಇದೇ ಬರ್ಬೆರಿನ್. ಮಗು ಹಡೆದವರು ಲೆಟ್ರೊಜೋಲ್ ಗುಂಪಿನಲ್ಲಿ ಶೇಕಡಾ 36, ಬರ್ಬೆರಿನ್‌ನಲ್ಲಿ 22, ಎರಡೂ ಸೇರಿದಾಗ 34. ಅಂದರೆ ಬೇರನ್ನು ಮಾತ್ರೆಯ ಜೊತೆ ಕೂಡಿಸಿದರೂ ಲಾಭವಿಲ್ಲ.

ಭಾರತಕ್ಕೆ ಸೂಜಿ ಬಂದ ಬಗೆ ಚೆನ್ನಾಗಿದೆ. 1938ರಲ್ಲಿ ಯುದ್ಧಪೀಡಿತ ಚೀನಾಕ್ಕೆ ಹೋದ ಐವರು ಭಾರತೀಯ ವೈದ್ಯರಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೋಟ್ನೀಸ್ ಹೆಸರು ಎಲ್ಲರಿಗೂ ಗೊತ್ತು. ಅವರ ಜೊತೆಗಾರ ಕಲ್ಕತ್ತೆಯ ಬಿ.ಕೆ. ಬಸು ಐವತ್ತರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಆಕ್ಯುಪಂಕ್ಚರ್ ಕಲಿತು ಇಲ್ಲಿ ಹರಡಿದರು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಒಪ್ಪಿಕೊಂಡಿತು. ಮಾನ್ಯತೆ ಬಂದಿದೆ ಎಂದ ಮಾತ್ರಕ್ಕೆ ಮಕ್ಕಳಾಗಿಸುತ್ತದೆ ಎಂದು ಸಾಬೀತಾದಂತಲ್ಲ. ಜಾಹೀರಾತುಗಳಲ್ಲಿ ಇವೆರಡನ್ನೂ ಬೆರೆಸುವುದೇ ಹೆಚ್ಚು.

"ಮಕ್ಕಳಾಗದಿದ್ದರೇನು, ಮನಸ್ಸಿಗಾದರೂ ನೆಮ್ಮದಿ ಸಿಗುತ್ತದಲ್ಲ" ಎನ್ನುವವರಿದ್ದಾರೆ. ಸಿಗುತ್ತದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಇಂಜೆಕ್ಷನ್, ಸ್ಕ್ಯಾನ್, ರಕ್ತಪರೀಕ್ಷೆಗಳ ನಡುವೆ ಅರ್ಧ ಗಂಟೆ ಸುಮ್ಮನೆ ಮಲಗಿ, ಹೇಗಿದ್ದೀರಿ ಎಂದು ಕೇಳುವವರೊಬ್ಬರು ಸಿಕ್ಕುವುದು ಸಣ್ಣ ಸಂಗತಿಯಲ್ಲ. ಆದರೆ ಇದರ ಬಾಲಕ್ಕೆ ಇನ್ನೊಂದು ಮಾತು ಅಂಟಿಕೊಂಡು ಬರುತ್ತದೆ: ಮನಸ್ಸು ನಿರಾಳವಾದರೆ ಬಸಿರು ನಿಲ್ಲುತ್ತದೆ, ನೀನು ಚಿಂತೆ ಮಾಡುವುದರಿಂದಲೇ ಆಗುತ್ತಿಲ್ಲ. ಅತ್ತೆ, ನಾದಿನಿ, ಪಕ್ಕದ ಮನೆಯಾಕೆ ಎಲ್ಲರೂ ಹೇಳುವುದು ಇದನ್ನೇ. 2011ರಲ್ಲಿ ಬ್ರಿಟನ್ನಿನ ಜ್ಯಾಕಿ ಬೊಯ್ವಿನ್ 14 ಅಧ್ಯಯನಗಳ 3583 ಹೆಂಗಸರ ಲೆಕ್ಕ ಒಟ್ಟುಹಾಕಿದರು. ಚಿಕಿತ್ಸೆಗೆ ಮೊದಲು ತೀವ್ರ ಆತಂಕದಲ್ಲಿದ್ದವರಿಗೂ ನಿರಾಳವಾಗಿದ್ದವರಿಗೂ ಬಸಿರಾಗುವ ಸಾಧ್ಯತೆಯಲ್ಲಿ ವ್ಯತ್ಯಾಸ ಸಿಗಲಿಲ್ಲ. ಹಾಗಾಗಿ ನೆಮ್ಮದಿಗೆಂದು ಹೋಗುವವರು ನೆಮ್ಮದಿಗೆಂದೇ ಹೋಗಲಿ, ಶುದ್ಧ ಸೂಜಿಯನ್ನು ಒಮ್ಮೆ ಬಳಸಿ ಎಸೆಯುವ ಕಡೆಗೆ ಹೋಗಲಿ.

ಕಷಾಯ, ಗುಳಿಗೆಗಳ ವಿಷಯದಲ್ಲಿ ಇಷ್ಟು ಉದಾರವಾಗಿರಲು ಸಾಧ್ಯವಿಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಗುಳಿಗೆಗೆ ಒಂದು ಚೀನೀ ಮೂಲಿಕೆಯ ಬದಲು ಹೆಸರು ಹೋಲುವ ಇನ್ನೊಂದು, ಅರಿಸ್ಟೊಲೋಕಿಯ ಜಾತಿಯದು, ಸೇರಿಹೋಗಿ ನೂರಕ್ಕೂ ಹೆಚ್ಚು ಹೆಂಗಸರ ಕಿಡ್ನಿ ಹಾಳಾಯಿತು. ಹೆಂಗಸರ ಔಷಧಿಗಳಲ್ಲಿ ಬಹಳ ಬಳಸುವ 'ಡಾಂಗ್‌ಗುಯಿ' ಬೇರು ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆಯ ಜೊತೆ ಸೇರಿದರೆ ರಕ್ತಸ್ರಾವ ಹೆಚ್ಚಬಹುದು. ಯಾವ ಪುಡಿ, ಯಾವ ಗುಳಿಗೆ ತೆಗೆದುಕೊಳ್ಳುತ್ತಿದ್ದರೂ, ಅದು ಚೀನಾದ್ದಿರಲಿ ನಮ್ಮೂರಿನದಿರಲಿ, ಚಿಕಿತ್ಸೆ ಮಾಡುತ್ತಿರುವ ವೈದ್ಯರಿಗೆ ತೋರಿಸಿಬಿಡಬೇಕು. ವಯಸ್ಸು ಮೂವತ್ತೈದು ದಾಟಿದವರು ಸೂಜಿಯನ್ನೋ ಕಷಾಯವನ್ನೋ ಆರು ತಿಂಗಳು ನೋಡೋಣ ಎಂದು ಐವಿಎಫ್ ಮುಂದೂಡಬಾರದು. ಆ ಆರು ತಿಂಗಳಲ್ಲಿ ಅಂಡಾಶಯ ಕಳೆದುಕೊಂಡದ್ದನ್ನು ಯಾವ ಸೂಜಿಯೂ ತಂದುಕೊಡುವುದಿಲ್ಲ.