ಅತ್ತಿಬೆಲೆಗೆ ಮುಗಿದುಹೋಗುವ ನಕ್ಷೆ

ಹೊಸೂರಿನ ಬಾಗಲೂರು ರಸ್ತೆಯ ಒಳಗಲ್ಲಿಯೊಂದರಲ್ಲಿ ಸಾಲುಮನೆ. ಹತ್ತು ಬಾಗಿಲು, ಮೇಲೆ ಸಿಮೆಂಟ್ ಶೀಟು, ಕೊನೆಯಲ್ಲಿ ಎರಡು ಬಚ್ಚಲು, ಒಂದೇ ನಲ್ಲಿ. ಬೆಳಗಿನ ಐದೂವರೆಗೆ ನಲ್ಲಿಯ ಮುಂದೆ ಬಿಂದಿಗೆಗಳು ಸಾಲುಗಟ್ಟಿರುತ್ತವೆ. ಮಗುವಿಗೆ ಜಡೆ ಹಾಕಿ, ಡಬ್ಬಿಗೆ ಚಿತ್ರಾನ್ನ ತುಂಬಿ ಹೊರಡುವ ತಾಯಿಗೆ ಬೊಮ್ಮಸಂದ್ರದ ಗಾರ್ಮೆಂಟ್ಸ್‌ನಲ್ಲಿ ಕೆಲಸ. ಅಲ್ಲಿಯೇ ಮನೆ ಮಾಡಿದರೆ ಮುಂಗಡಕ್ಕೇ ಸಾಲ ಮಾಡಬೇಕು. ಹಾಗಾಗಿ ಮನೆ ತಮಿಳುನಾಡಿನಲ್ಲಿ, ದುಡಿಮೆ ಕರ್ನಾಟಕದಲ್ಲಿ.

ಈಕೆಯ ಬಸ್ಸಿನ ಲೆಕ್ಕವನ್ನು ಸ್ವಲ್ಪ ನೋಡಬೇಕು. 2021ರಿಂದ ತಮಿಳುನಾಡಿನ ಟೌನ್ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣ ಉಚಿತ. ಕರ್ನಾಟಕದಲ್ಲಿ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಆದರೆ ಅದು ಕರ್ನಾಟಕದ ವಿಳಾಸ ಇರುವವರಿಗೆ ಮಾತ್ರ. ಈಕೆಯ ಮನೆಮಾತು ಕನ್ನಡ. ಆಧಾರ್ ಕಾರ್ಡಿನಲ್ಲಿರುವುದು ಹೊಸೂರು. ಗಡಿ ದಾಟಿದ ಮೇಲೆ ಪ್ರತಿದಿನ ಟಿಕೆಟ್ ಕೊಳ್ಳಲೇಬೇಕು. ಬಾಡಿಗೆಯಲ್ಲಿ ಉಳಿಸಿದ ಹಣದ ಒಂದು ಪಾಲು ಹೀಗೆ ದಾರಿಯಲ್ಲೇ ಕರಗುತ್ತದೆ. ಮನೆಯ ಬಾಡಿಗೆಯನ್ನೂ ಬಸ್ಸಿನ ಖರ್ಚನ್ನೂ ಕೂಡಿಸಿ ನೋಡದೆ ‘ಕೈಗೆಟಕುವ ಮನೆ’ ಎನ್ನುವುದು ನನ್ನ ಮಟ್ಟಿಗೆ ಅರ್ಧ ಮಾತು.

ಈ ಅರ್ಧ ಮಾತಿಗೆ ಐವತ್ತು ವರ್ಷಗಳ ಹಿನ್ನೆಲೆಯಿದೆ. 1970ರ ದಶಕದಲ್ಲಿ ತಮಿಳುನಾಡು ಸರ್ಕಾರ ಹೊಸೂರಿನಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ತೆರೆಯಿತು. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟನ್ ಬಂದವು. ಅದೇ ಕಾಲಕ್ಕೆ, 1978ರಲ್ಲಿ, ಕರ್ನಾಟಕ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್ ಕೋನಪ್ಪನ ಅಗ್ರಹಾರದ ಕಡೆ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಆರಂಭಿಸಿತು. ಒಂದೇ ಹೆದ್ದಾರಿಯ ಎರಡು ತುದಿಗೆ ಎರಡು ಸರ್ಕಾರಗಳು ಕಾರ್ಖಾನೆ ತಂದವು. ದುಡಿಯುವವರು ಎಲ್ಲಿ ಮಲಗಬೇಕು, ಹೇಗೆ ಬರಬೇಕು ಎಂದು ಇಬ್ಬರೂ ಕೂಡಿ ಕೇಳಲಿಲ್ಲ.

ಕೇಳಲೇ ಇಲ್ಲವೆಂದರೂ ತಪ್ಪಾದೀತು. ಹೊಸೂರಿನಲ್ಲಿ ‘ಎಎಸ್‌ಟಿಸಿ ಹಡ್ಕೊ’ ಎಂಬ ಬಡಾವಣೆ ಇದೆ. ಎಎಸ್‌ಟಿಸಿ ಎಂದರೆ ಹಿಂದೆ ಧರ್ಮಪುರಿ ಭಾಗದಲ್ಲಿ ಬಸ್ ಓಡಿಸುತ್ತಿದ್ದ ಅಣ್ಣೈ ಸತ್ಯಾ ಸಾರಿಗೆ ನಿಗಮ. ಹಡ್ಕೊ ಎಂದರೆ ವಸತಿಗೆ ಸಾಲ ಕೊಡುವ ಕೇಂದ್ರದ ಸಂಸ್ಥೆ. ಬಸ್ಸು ಮತ್ತು ಮನೆ ಒಂದೇ ಹೆಸರಿನಲ್ಲಿ ಕೂಡಿಕೊಂಡ ಆ ಬಡಾವಣೆಯ ಫಲಕ ಕಂಡಾಗಲೆಲ್ಲ ನಾನು ಒಂದು ಗಳಿಗೆ ನಿಲ್ಲುತ್ತೇನೆ.

1985ರ ಕಾಯ್ದೆಯಿಂದ ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಸುಮಾರು ಎಂಟು ಸಾವಿರ ಚದರ ಕಿಲೋಮೀಟರ್ ಅದರ ವ್ಯಾಪ್ತಿ. ದೂರದ ಮಾಗಡಿ, ಕನಕಪುರ ಅದರೊಳಗೆ. ಕೂಗಳತೆಯಲ್ಲಿರುವ ಹೊಸೂರು ಹೊರಗೆ. ನಕ್ಷೆಯ ಗೆರೆ ಕರ್ನಾಟಕದ ಗಡಿಯೂರು ಅತ್ತಿಬೆಲೆಗೆ ಮುಗಿಯುತ್ತದೆ, ಜನರ ಓಡಾಟ ಮುಗಿಯುವುದಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ಗಲಭೆಯಿಂದ ಬಸ್ಸುಗಳು ಗಡಿಯಲ್ಲಿ ನಿಂತಾಗ ಜನ ಗಂಟುಮೂಟೆ ಹೊತ್ತು ಅತ್ತಿಬೆಲೆಯಿಂದ ಗಡಿಯಾಚೆಯ ಜೂಜುವಾಡಿಗೆ ನಡೆದರು.

2017ರಲ್ಲಿ ಕೇಂದ್ರ ಸರ್ಕಾರ ಸಾರಿಗೆ ಆಧಾರಿತ ಅಭಿವೃದ್ಧಿ ನೀತಿಯನ್ನು ಹೊರತಂದಿತು. ನಿಲ್ದಾಣದಿಂದ 500–800 ಮೀಟರ್, ಅಂದರೆ ಹತ್ತು ನಿಮಿಷದ ನಡಿಗೆಯೊಳಗೆ, ಮನೆ-ಅಂಗಡಿ-ಕಚೇರಿ ಒತ್ತಾಗಿ ಕಟ್ಟಬೇಕು. ಅಲ್ಲಿ ಅನುಮತಿಸುವ ಕಟ್ಟಡ ವಿಸ್ತೀರ್ಣದಲ್ಲಿ ಶೇ 30ರಷ್ಟಾದರೂ ಕಡಿಮೆ ಬೆಲೆಯ ಮನೆಗಳಿಗೆ ಇರಲಿ ಎಂಬುದು ಅದರ ಸಲಹೆ. ಸಲಹೆ ಮಾತ್ರ, ಕಡ್ಡಾಯವಲ್ಲ. 2015ರ ಪ್ರಧಾನಮಂತ್ರಿ ಆವಾಸ್ ಯೋಜನೆ ಸ್ವಂತ ಮನೆಯತ್ತಲೇ ನೋಡಿತು. ವಲಸೆ ಕಾರ್ಮಿಕರು ಊರಿಗೆ ನಡೆದುಹೋದದ್ದನ್ನು ದೇಶ ಕಂಡ ಮೇಲೆ, 2020ರಲ್ಲಿ, ಬಾಡಿಗೆ ಮನೆಗಳಿಗೂ ಒಂದು ಯೋಜನೆ ಬಂತು. ಆ ಸಾಲುಮನೆಯ ತಾಯಿಗೆ ಇಂದು ಬೇಕಿರುವುದು ಬಾಡಿಗೆಯ ಮನೆಯೇ.

ಇತ್ತ ಹಳಿಗಳು ಹತ್ತಿರವಾಗುತ್ತಿವೆ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19.15 ಕಿ.ಮೀ. ಮೆಟ್ರೊ ಹಳದಿ ಮಾರ್ಗ ತೆರೆಯಿತು. ಉಪನಗರ ರೈಲಿನ ‘ಕನಕ’ ಮಾರ್ಗ ಹೀಲಲಿಗೆಯಲ್ಲಿ ಕೊನೆಯಾಗಲಿದೆ. ಅದೇ ಹಳಿಯಲ್ಲಿ ಮುಂದೆ ಆನೇಕಲ್ ರೋಡ್, ಆಮೇಲೆ ಹೊಸೂರು. ಬೊಮ್ಮಸಂದ್ರದಿಂದ ಹೊಸೂರಿಗೆ ಸುಮಾರು 23 ಕಿ.ಮೀ. ಮೆಟ್ರೊ ತರುವ ಯೋಚನೆಯೂ ನಡೆಯಿತು. ಅದು ವಿದ್ಯುತ್ತಿನ ಪ್ರಶ್ನೆಗೆ ತೊಡರಿತು. ಬೆಂಗಳೂರು ಮೆಟ್ರೊ ಓಡುವುದು ಹಳಿಯ ಪಕ್ಕದ 750 ವೋಲ್ಟ್ ಡಿಸಿ ವಿದ್ಯುತ್ತಿನಲ್ಲಿ, ಚೆನ್ನೈ ಕಡೆಯ ಪ್ರಸ್ತಾವದಲ್ಲಿದ್ದುದು ಮೇಲ್ತಂತಿಯ 25 ಸಾವಿರ ವೋಲ್ಟ್ ಎಸಿ.

ವೋಲ್ಟಿನ ತಕರಾರನ್ನು ಎಂಜಿನಿಯರುಗಳು ಎಂದಾದರೂ ಬಗೆಹರಿಸಿಯಾರು. ನನಗೆ ಅವಸರ ಕಾಣುವುದು ನೆಲದ ವಿಷಯದಲ್ಲಿ. ರೈಲು ಬರುವ ಮೊದಲೇ ಸುದ್ದಿ ಬರುತ್ತದೆ, ಸುದ್ದಿಯ ಬೆನ್ನಿಗೇ ಸೈಟಿನ ದರ ಏರುತ್ತದೆ. ಹೊಸೂರು, ಹೀಲಲಿಗೆ, ಆನೇಕಲ್ ರೋಡ್ ನಿಲ್ದಾಣಗಳ ನಡಿಗೆಯ ದೂರದಲ್ಲಿ ಸರ್ಕಾರಿ ಜಾಗವನ್ನು ಗುರುತಿಸಿ, ಬಾಡಿಗೆ ಮನೆಗಳಿಗೆಂದು ಈಗಲೇ ತೆಗೆದಿಡಬೇಕು. ಎರಡೂ ರಾಜ್ಯಗಳ ಅಧಿಕಾರಿಗಳು ಒಂದೇ ನಕ್ಷೆ ಹರಡಿಕೊಂಡು ಕೂರಬೇಕು. ಬಾಗಲೂರು ರಸ್ತೆಯ ಆ ಸಾಲುಮನೆಯಲ್ಲಿ ಮೆಟ್ರೊ ಸುದ್ದಿ ಈಗಾಗಲೇ ಮುಟ್ಟಿದೆ. ಬರುವ ಯುಗಾದಿಗೆ ಬಾಡಿಗೆ ಹೆಚ್ಚಿಸುತ್ತೇನೆಂದು ಮಾಲೀಕರು ಹತ್ತೂ ಬಾಗಿಲಿಗೆ ಹೇಳಿಹೋಗಿದ್ದಾರೆ.